ಎಸ್‌ಪಿಎಫ್ 30 ಸಾಕಾ, 50 ಬೇಕಾ? ನನ್ನ ಸನ್‌ಸ್ಕ್ರೀನ್ ಟಿಪ್ಪಣಿ

ಡಿ.ಫಾರ್ಮಾಗೆ ಕಾಸ್ಮೆಟಿಕ್ಸ್ ಪಾಠ ಓದುತ್ತಿದ್ದ ಹೊತ್ತಿಗೇ ನನ್ನ ಮುಖಕ್ಕೂ ಒಂದು ಸನ್‌ಸ್ಕ್ರೀನ್ ಬೇಕಾಗಿತ್ತು. ದಾವಣಗೆರೆಯಲ್ಲಿ ಮಧ್ಯಾಹ್ನ ಸ್ಕೂಟಿ ಓಡಿಸುವವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ, "ಐವತ್ತೇ ತಗೊಳ್ರಿ ಮೇಡಂ, ಈ ಬಿಸಿಲಿಗೆ ಮೂವತ್ತು ಎಲ್ಲಿ ಸಾಲುತ್ತೆ" ಅಂದರು. ತಗೊಂಡು ಬಂದೆ. ಆಮೇಲೆ ಪುಸ್ತಕ ತೆಗೆದು ಕೂತಾಗ ತಲೆ ಕೆಟ್ಟಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು ಎ ಮತ್ತು ಬಿ

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಯುವಿ (ಅಲ್ಟ್ರಾವಯಲೆಟ್) ಕಿರಣಗಳಿವೆ. ನಮ್ಮ ಚರ್ಮಕ್ಕೆ ತಾಗುವುದು ಅದರಲ್ಲಿ ಎರಡು ಬಗೆ, ಯುವಿಎ ಮತ್ತು ಯುವಿಬಿ. ಯುವಿಬಿ ಚರ್ಮವನ್ನು ಬೇಯಿಸಿ ಕೆಂಪು ಮಾಡುತ್ತದೆ. ಯುವಿಎ ಒಳಗಿಳಿದು ಚರ್ಮಕ್ಕೆ ಬೇಗ ಏಜ್ ತರುತ್ತದೆ, ಕಪ್ಪೂ ಮಾಡುತ್ತದೆ. ಬಿ ಅಂದರೆ ಬೇಯುವುದು, ಎ ಅಂದರೆ ಏಜ್. ನಾನು ಹೀಗೇ ನೆನಪಿಟ್ಟೆ. ಎಸ್‌ಪಿಎಫ್ ಅಂದರೆ ಸನ್ ಪ್ರೊಟೆಕ್ಷನ್ ಫ್ಯಾಕ್ಟರ್, ಸನ್‌ಸ್ಕ್ರೀನ್ ಎಷ್ಟು ಕಾಪಾಡುತ್ತದೆ ಅನ್ನುವ ನಂಬರ್. ಅದು ಹೇಳುವುದು ಮುಖ್ಯವಾಗಿ ಬಿ ಬಗ್ಗೆ. ಎ ಗೆ ಪ್ಯಾಕಿನ ಮೇಲಿನ ಪಿಎ ಅನ್ನುವ ಗುರುತು ನೋಡಬೇಕು. ಅದು ಜಪಾನಿನವರ ಪದ್ಧತಿ, ಒಂದು ಪ್ಲಸ್‌ನಿಂದ ನಾಲ್ಕರವರೆಗೆ ಇದೆ. ಮೂರು ಅಥವಾ ನಾಲ್ಕು ಪ್ಲಸ್ ಇರುವುದನ್ನೇ ತಗೊಳ್ಳಿ. ಯುವಿಎ ಕಿಟಕಿ ಗಾಜನ್ನು ದಾಟಿ ಬರುತ್ತದೆ. ಹಾಗಾಗಿ ಚಿತ್ರದುರ್ಗದಿಂದ ದಿನಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬರುವವರಿಗೂ ಇದು ಅನ್ವಯಿಸುತ್ತದೆ.

ಇನ್ನೊಂದು ಮಾತು. ಸೆಕೆ ಬೇರೆ, ಯುವಿ ಬೇರೆ. ಸೂರ್ಯ ನೆತ್ತಿಗೆ ಹತ್ತಿರ ಬಂದಷ್ಟೂ ಯುವಿ ಜೋರು. ನಮ್ಮ ಊರಿನ ನೆತ್ತಿಯ ಮೇಲೆ ಸೂರ್ಯ ನೇರ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ ಕೊನೆಗೆ, ಮತ್ತೆ ಆಗಸ್ಟ್ ಮಧ್ಯದಲ್ಲಿ. ಆಗಸ್ಟಿನಲ್ಲಿ ತಣ್ಣನೆ ಗಾಳಿ, ತೆಳು ಮೋಡ ಇರುತ್ತೆ ಅಂತ ನಾನು ಟ್ಯೂಬ್ ಮುಟ್ಟುತ್ತಲೇ ಇರಲಿಲ್ಲ. ತೆಳು ಮೋಡ ಯುವಿಯನ್ನು ಅಷ್ಟಾಗಿ ತಡೆಯುವುದಿಲ್ಲ.

ನಾನು ಎಡವಿದ್ದು ಇಲ್ಲೇ

50 ಅಂದರೆ 30ಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು ಅಂದುಕೊಂಡಿದ್ದೆ. ಪುಸ್ತಕದಲ್ಲಿ ನೋಡಿದರೆ 30 ಸುಮಾರು 97% ಯುವಿಬಿ ತಡೆಯುತ್ತದೆ, 50 ತಡೆಯುವುದು 98%. ಬರೀ ಒಂದು ಪರ್ಸೆಂಟ್! ಅಷ್ಟಕ್ಕೆ ಜಾಸ್ತಿ ದುಡ್ಡು ಕೊಟ್ಟೆನಾ ಅಂತ ಸಿಟ್ಟು ಬಂತು. ಹಾಗಾದರೆ ಎರಡೂ ಒಂದೇ ಅಂತ ನೋಟ್ಸಿನಲ್ಲಿ ಬರೆದೂಬಿಟ್ಟೆ. ಅದೂ ತಪ್ಪು.

ಹಂಚಿನ ಮನೆ ಸೋರುವಾಗ ಹಂಚು ಎಷ್ಟು ಮಳೆ ತಡೆಯಿತು ಅಂತ ಯಾರೂ ಅಳೆಯುವುದಿಲ್ಲ. ಕೆಳಗಿಟ್ಟ ಬಕೆಟ್ ಎಷ್ಟು ತುಂಬಿತು ಅಂತ ನೋಡುತ್ತಾರೆ, ಅಲ್ವಾ? ಇಲ್ಲೂ ಅಷ್ಟೇ. ಒಳಗೆ ಬಿದ್ದದ್ದನ್ನು ಲೆಕ್ಕ ಹಾಕಬೇಕು. ಅದಕ್ಕೆ ನೂರನ್ನು ಎಸ್‌ಪಿಎಫ್‌ನಿಂದ ಭಾಗಿಸಿದರೆ ಆಯಿತು. 100 ÷ 30 = 3.3. 100 ÷ 50 = 2. ಅಂದರೆ 30 ಹಚ್ಚಿದಾಗ ಐದು ಬಕೆಟ್ ಸೋರಿದರೆ, 50 ಹಚ್ಚಿದಾಗ ಮೂರು ಬಕೆಟ್ ಸೋರುತ್ತದೆ. ದುಪ್ಪಟ್ಟು ಅಲ್ಲ, ಒಂದೇ ಸಮವೂ ಅಲ್ಲ. ಈ ಬಕೆಟ್ ಹೊಳೆಯುವುದಕ್ಕೆ ನನಗೆ ಮೂರು ದಿನ ಹಿಡಿಯಿತು.

ಹಾಗೇ "ಎಸ್‌ಪಿಎಫ್ 30 ಅಂದರೆ ಮುನ್ನೂರು ನಿಮಿಷ ನಡೆಯುತ್ತೆ" ಅನ್ನುವ ಲೆಕ್ಕವನ್ನು ಹೊಡೆದುಹಾಕಿ. ಬೆಳಗ್ಗೆ ಏಳರ ಬಿಸಿಲೂ ಹನ್ನೆರಡರ ಬಿಸಿಲೂ ಒಂದೇನಾ? ಬೆವರಿದರೆ, ಕರ್ಚೀಫಿನಲ್ಲಿ ಒರೆಸಿದರೆ ಅದೂ ಹೋಯಿತು. ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಟ್ಯೂಬ್ ಎಷ್ಟು ದಿನ ಬಂತು?

ಇದು ನನ್ನ ಇಷ್ಟದ ಲೆಕ್ಕ, ಸ್ವಲ್ಪ ಉದ್ದವಾಗುತ್ತದೆ. ಪ್ಯಾಕಿನ ಮೇಲಿನ ನಂಬರ್ ಸುಮ್ನೆ ಬರುವುದಿಲ್ಲ. ಲ್ಯಾಬಿನಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಅಳೆದಾಗ ಬರುವ ನಂಬರ್ ಅದು. ಮುಖ ಸುಮಾರು 600 ಚದರ ಸೆಂಟಿಮೀಟರ್ ಅಂತ ಹಿಡಿಯಿರಿ. 600 × 2 = 1200 ಮಿಲಿಗ್ರಾಂ, ಅಂದರೆ 1.2 ಗ್ರಾಂ. 50 ಗ್ರಾಂ ಟ್ಯೂಬ್ ದಿನಕ್ಕೊಮ್ಮೆ ಹಚ್ಚಿದರೂ 41 ದಿನಕ್ಕೆ ಖಾಲಿಯಾಗಬೇಕು.

ನನ್ನ ಹಿಂದಿನ ಟ್ಯೂಬ್ ಯುಗಾದಿಗೆ ತಂದದ್ದು, ದಸರಾವರೆಗೆ ಬಂತು. ಆರು ತಿಂಗಳು! ದಿನಕ್ಕೆ 0.3 ಗ್ರಾಂ ಕೂಡ ಆಗಲಿಲ್ಲ. ಬೇಕಾದುದರ ಕಾಲು ಭಾಗ ಹಚ್ಚಿ, "ಉಪಯೋಗ ಇಲ್ಲ ಕಣೇ ಇದು" ಅಂತ ಗೆಳತಿಗೆ ಹೇಳಿಕೊಂಡು ತಿರುಗಿದ್ದೆ. ಅಷ್ಟು ತೆಳುವಾಗಿ ಹಚ್ಚಿದರೆ 50 ಅನ್ನುವುದು 50 ಆಗಿ ಉಳಿಯುವುದಿಲ್ಲ, ತುಂಬಾ ಕೆಳಗಿಳಿಯುತ್ತದೆ. ಜಿಪುಣತನದಿಂದ ಹಚ್ಚಿದ 50ಕ್ಕಿಂತ ಧಾರಾಳವಾಗಿ ಹಚ್ಚಿದ 30 ವಾಸಿ.

ತೂಕ ಮಾಡದೆ ಅಳೆಯಲು ಎರಡು ಬೆರಳಿನ ಉಪಾಯ ಇದೆ. ತೋರುಬೆರಳು, ಮಧ್ಯದ ಬೆರಳು, ಎರಡರ ಮೇಲೂ ಬುಡದಿಂದ ತುದಿವರೆಗೆ ಗೆರೆ ಎಳೆಯುವುದು. ಕಾಲೇಜು ಲ್ಯಾಬಿನಲ್ಲಿ ಬಟರ್ ಪೇಪರ್ ಮೇಲೆ ಹಾಗೇ ಗೆರೆ ಎಳೆದು ತೂಗಿದೆ. ಮೊದಲ ಸಲ 0.9 ಬಂತು. ದಪ್ಪ ಎಳೆದಾಗ 1.2 ಆಯಿತು. ಆದ್ದರಿಂದ ದಪ್ಪ ಗೆರೆ. ನೀರಾಗಿ ಹರಿಯುವ ಲೋಷನ್‌ಗೆ ಈ ಉಪಾಯ ನಡೆಯುವುದಿಲ್ಲ.

ಈಗ ಅಂಗಡಿಯಲ್ಲಿ ನಾನು ಮೊದಲು ಮಾಡುವ ಕೆಲಸ: ಬೆಲೆಯನ್ನು ಗ್ರಾಮಿನಿಂದ ಭಾಗಿಸಿ 1.2ರಿಂದ ಗುಣಿಸುವುದು. 50 ಗ್ರಾಮಿಗೆ 400 ರೂಪಾಯಿ ಆದರೆ ಒಂದು ಸಲಕ್ಕೆ 9 ರೂಪಾಯಿ 60 ಪೈಸೆ. 700 ಆದರೆ ಹೆಚ್ಚುಕಡಿಮೆ 17. ದಿನಾ 17 ರೂಪಾಯಿ ಮುಖಕ್ಕೆ ಸುರಿಯಲು ನನಗೆ ಕೈ ಬರುವುದಿಲ್ಲ. ಕೈ ಬರದಿದ್ದರೆ ಮತ್ತೆ ಕಾಲು ಭಾಗಕ್ಕೇ ಬಂದು ನಿಲ್ಲುತ್ತೇನೆ.

ಉಳಿದದ್ದು

ಜಿಡ್ಡು ಮುಖಕ್ಕೆ ಜೆಲ್, ಒಣ ಮುಖಕ್ಕೆ ಕ್ರೀಮ್. ಕೆಮಿಕಲ್ ಸನ್‌ಸ್ಕ್ರೀನ್ ಉರಿಯುವವರಿಗೆ ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದು ಸಾಮಾನ್ಯವಾಗಿ ಒಗ್ಗುತ್ತದೆ. ಆದರೆ ಬಿಳಿ ಕಾಣುತ್ತದೆ. ನಾನು ಹಚ್ಚಿದ ದಿನ ಅವ್ವ, "ಮುಖಕ್ಕೆಲ್ಲಾ ವಿಭೂತಿ ಬಳ್ಕೊಂಡೀಯೇನೇ?" ಅಂದಳು. ಬಂಗು ಇರುವವರು ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ನೋಡಿ. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಹೆಚ್ಚಿಸುತ್ತದೆ, ಐರನ್ ಆಕ್ಸೈಡ್ ಅದನ್ನೂ ತಡೆಯುತ್ತದೆ. ಟ್ಯೂಬನ್ನು ಸ್ಕೂಟಿ ಡಿಕ್ಕಿಯಲ್ಲಿ ಇಡಬೇಡಿ, ಕಾವಿಗೆ ಕೆಡುತ್ತದೆ.

ಕೊನೆಗೆ ಕಾಲರ್ ವಿಷಯ. ಏವೋಬೆನ್‌ಝೋನ್ ಅನ್ನುವುದು ಸನ್‌ಸ್ಕ್ರೀನಿನಲ್ಲಿ ಹಾಕುವ, ಯುವಿಎ ತಡೆಯುವ ಒಳ್ಳೆಯ ಫಿಲ್ಟರ್. ಆದರೆ ಒಂಟಿಯಾಗಿ ಬಿಸಿಲಿಗೆ ಬೇಗ ಕೆಡುತ್ತದೆ, ಆಕ್ಟೋಕ್ರಿಲೀನ್‌ನಂಥದ್ದು ಜೊತೆಗಿದ್ದರೆ ತಡೆದುಕೊಳ್ಳುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಪುಸ್ತಕದಲ್ಲಿ ಇಲ್ಲದ್ದು ಇನ್ನೊಂದಿದೆ: ಏವೋಬೆನ್‌ಝೋನ್ ನೀರಿನಲ್ಲಿರುವ ಕಬ್ಬಿಣದ ಜೊತೆ ಸೇರಿ ಬಟ್ಟೆಯ ಮೇಲೆ ತುಕ್ಕಿನಂಥ ಹಳದಿ ಕಲೆ ಬಿಡುತ್ತದೆ. ನಮ್ಮ ಮನೆಯದು ಬೋರ್ ನೀರು. ಬಿಳಿ ಏಪ್ರನ್ ಕಾಲರ್ ಹಾಳಾಯಿತು, ಬ್ಲೀಚ್ ಹಾಕಿದ ಮೇಲೆ ಇನ್ನೂ ಗಾಢವಾಯಿತು. ಈಗ ಹಚ್ಚಿ ಇಪ್ಪತ್ತು ನಿಮಿಷ ಒಣಗಿದ ಮೇಲೇ ಏಪ್ರನ್ ಹಾಕುತ್ತೇನೆ. ಅವ್ವ ಮಾತ್ರ ಇದನ್ನೆಲ್ಲ ಒಪ್ಪಿಲ್ಲ. ಅದು ಅರಿಶಿನದ ಕಲೆ, ಊಟ ಮಾಡುವಾಗ ನೆಟ್ಟಗೆ ಕೂರಲ್ಲ ನೀನು, ಅನ್ನುತ್ತಾಳೆ.