ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿರುವ ನನ್ನನ್ನು ಎರಡು ದಿನ ಕಾಡಿದ ತೊಡಕು ಇದು. ಗದಗಿನಿಂದ ಬಂದಿದ್ದ, 2017ರ, ಬಿಎಸ್-4 ಹೊಗೆ ಮಾನದಂಡದ ಪೆಟ್ರೋಲ್ ಕಾರು ಹೊಗೆ ತಪಾಸಣೆಯಲ್ಲಿ ಫೇಲಾಗಿತ್ತು. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಶೇ 0.3 ಮೀರಬಾರದ ಕಾರ್ಬನ್ ಮಾನಾಕ್ಸೈಡ್ ಶೇ 0.9 ಇತ್ತು, ಹಾಗಾಗಿ ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿತ್ತು. ಕಾರಿನ ದೋಷ ಓದುವ ಸ್ಕ್ಯಾನರ್ ಮಾತ್ರ ಪಿ0171 ಕೋಡ್ ತೋರಿಸಿತು. ಅದರ ಅರ್ಥ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ. ಹೊಗೆ ಹೋಗುವ ಕೊಳವೆಯಲ್ಲಿನ ಆಕ್ಸಿಜನ್ ಸೆನ್ಸರ್ ಕೆಟ್ಟಿದೆಯೆಂದು ತೀರ್ಮಾನಿಸಿ ನಾನು ಹೊಸದನ್ನು ಹಾಕಿದೆ. ಮರುದಿನವೇ ಕೋಡ್ ಮರಳಿತು.

ನನ್ನ ತಪ್ಪು ಇಲ್ಲಿತ್ತು. ಈ ಸೆನ್ಸರ್‌ಗೆ ಪೆಟ್ರೋಲ್ ಗೊತ್ತೇ ಇಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕವಷ್ಟೇ ಗೊತ್ತು. ಆಮ್ಲಜನಕ ಹೆಚ್ಚಿದ್ದರೆ ಸುಮಾರು 0.1 ವೋಲ್ಟ್, ಕಡಿಮೆಯಿದ್ದರೆ ಸುಮಾರು 0.9 ವೋಲ್ಟ್ ಕೊಡುತ್ತದೆ. ವೋಲ್ಟ್ ಇಳಿದರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಅದನ್ನು ಪೆಟ್ರೋಲಿನ ಕೊರತೆಯೆಂದು ಓದಿ ಇಂಧನವನ್ನು ಏರಿಸುತ್ತದೆ, ಆಗ ಇಂಧನವನ್ನು ಶೇಕಡಾ ಎಷ್ಟು ಏರಿಸಿದೆ, ಇಳಿಸಿದೆ ಎಂದು ತೋರಿಸುವ ಫ್ಯುಯಲ್ ಟ್ರಿಮ್ ಧನ ಚಿಹ್ನೆಯತ್ತ ಸಾಗುತ್ತದೆ. ವೋಲ್ಟ್ ಇಳಿದಾಗ ಟ್ರಿಮ್ ಏರುವ ಈ ವಿಲೋಮವನ್ನು ನಾನು ಹಾಳೆಯ ಮೇಲೆ ನಾಲ್ಕು ಬಾರಿ ಬರೆದ ಮೇಲೆಯೇ ತಲೆಗೆ ಹತ್ತಿದ್ದು. ಈಗ ಎಂಜಿನ್ನಿನಿಂದ ಹೊಗೆಯನ್ನು ಹೊರತರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸೆನ್ಸರ್‌ಗಿಂತ ಮೊದಲೇ ಸೀಳಿದೆ ಎನ್ನಿ. ಹೊಗೆ ಒಂದೇ ಸಮನೆ ಹರಿಯದೆ ಅಲೆಅಲೆಯಾಗಿ ಬರುವುದರಿಂದ, ಎರಡು ಅಲೆಗಳ ನಡುವೆ ಒತ್ತಡ ಕುಸಿದು ಹೊರಗಿನ ಗಾಳಿ ಆ ಸೀಳಿನಿಂದ ಒಳನುಗ್ಗುತ್ತದೆ. ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನು ಕಂಡು 0.1 ವೋಲ್ಟಿಗೆ ಇಳಿಯುತ್ತದೆ, ಇಸಿಯು ಅದನ್ನು ನಂಬಿ ಬೇಡದ ಪೆಟ್ರೋಲ್ ಸುರಿಯುತ್ತದೆ, ಸಿಲಿಂಡರಿನಲ್ಲಿ ನಿಜವಾಗಿಯೂ ಪೆಟ್ರೋಲ್ ಹೆಚ್ಚಾಗಿ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಹೀಗೆ ಕೋಡ್ ಒಂದು ಹೇಳುತ್ತದೆ, ಹೊಗೆ ಯಂತ್ರ ಇನ್ನೊಂದು ಹೇಳುತ್ತದೆ. ಆದರೂ ಎರಡೂ ಸುಳ್ಳಲ್ಲ. ಪ್ಲಗ್ಗು ಬೆಂಕಿ ಕೊಡದ ಸಿಲಿಂಡರ್ ಕೂಡ ಬಳಸದ ಆಮ್ಲಜನಕವನ್ನು ಹೊರಗೆ ತಳ್ಳಿ ಇದೇ ಮೋಸ ಮಾಡಬಲ್ಲದು.

ಆದ್ದರಿಂದ ಟ್ರಿಮ್ಮನ್ನು ಹೊಗೆಯ ಅಂಕಿಯೊಂದಿಗೆ ಸೇರಿಸಿ ಓದಬೇಕು. ಟ್ರಿಮ್ ಧನವಾಗಿದ್ದು ಕಾರ್ಬನ್ ಮಾನಾಕ್ಸೈಡ್ ಕಡಿಮೆಯಿದ್ದರೆ ಇಸಿಯು ನಿಜವಾದ ಕೊರತೆಯನ್ನು ತುಂಬುತ್ತಿದೆ. ಎಂಜಿನ್ನಿಗೆ ಗಾಳಿ ಹೋಗುವ ಇಂಟೇಕ್ ಕಡೆಯ ಸೋರಿಕೆಯನ್ನು ಹುಡುಕಬೇಕು. ಎರಡೂ ಹೆಚ್ಚಿದ್ದರೆ ಸೆನ್ಸರ್‌ಗೆ ಸುಳ್ಳು ಸುದ್ದಿ ತಲುಪುತ್ತಿದೆ. ನಮ್ಮ ಕಾರಿನಲ್ಲಿ ಪ್ಯಾಕಿಂಗಿನ ಅಂಚಿನಲ್ಲಿ ಕಪ್ಪು ಮಸಿ ಕಂಡಿತು. ತಣ್ಣಗಿರುವಾಗ ಚಾಲೂ ಮಾಡಿದರೆ ಟಕಟಕ ಸದ್ದೂ ಇತ್ತು. ಹೊಸ ಪ್ಯಾಕಿಂಗ್ ಹಾಕಿದ ಮೇಲೆ ಟ್ರಿಮ್ ಧನ ಶೇ 22ರಿಂದ ಧನ ಶೇ 3ಕ್ಕೆ, ಕಾರ್ಬನ್ ಮಾನಾಕ್ಸೈಡ್ ಶೇ 0.1ಕ್ಕೆ ಇಳಿಯಿತು.

ಸೆನ್ಸರ್ ನಿಜಕ್ಕೂ ಕೆಟ್ಟಿದೆಯೇ ಎಂದು ತಿಳಿಯಲು, ಬಿಚ್ಚುವ ಮೊದಲು ಬಿಸಿ ಎಂಜಿನ್ನಿನಲ್ಲಿ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿ ಬಿಡಬೇಕು. ಸಂಕೇತ 0.8 ವೋಲ್ಟಿನ ಮೇಲೆ ಜಿಗಿದು, ಬಿಟ್ಟಾಗ ಬೇಗ ಇಳಿದರೆ ಸೆನ್ಸರ್ ಸರಿಯಿದೆ. ನಾನು ತೆಗೆದಿಟ್ಟ ಹಳೆಯ ಸೆನ್ಸರ್ ಈ ಪರೀಕ್ಷೆಯಲ್ಲಿ ಪಾಸಾಗಿದೆ.