ಕಪ್ಪು ಬಣ್ಣಕ್ಕಾಗಿ ಬಿಸಿಲಿಗೆ ನಿಲ್ಲುವವರು

ಏಪ್ರಿಲ್ ಬಂತೆಂದರೆ ಬಳ್ಳಾರಿ, ರಾಯಚೂರಿನಲ್ಲಿ ಮಧ್ಯಾಹ್ನ ಮುಖಕ್ಕೆ ಬಟ್ಟೆ ಸುತ್ತಿಕೊಂಡೇ ಜನ ಗಾಡಿ ಹತ್ತುತ್ತಾರೆ. ಉರಿ ಒಂದು ಕಡೆ, ಕಪ್ಪಾಗಿಬಿಡುತ್ತೇವೆ ಅನ್ನೋ ಭಯ ಇನ್ನೊಂದು ಕಡೆ. ಆದರೆ ತೊನ್ನು ಇರುವ ಕೆಲವರಿಗೆ ಚರ್ಮದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಎರಡು ತಾಸು ಬಿಟ್ಟು ಬಿಸಿಲಿಗೆ ನಿಲ್ಲಿ ಎನ್ನುತ್ತಾರೆ. ಅವರಿಗೆ ಬೇಕಾಗಿರುವುದೇ ಕಪ್ಪು.

ತೊನ್ನು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಇವತ್ತಿಗೂ ಕೈಮೇಲೆ ಒಂದು ಬಿಳಿ ಮಚ್ಚೆ ಕಂಡರೆ ಸಾಕು, ಕೂಡಿಬಂದ ಸಂಬಂಧ ಮುರಿದುಹೋಗುತ್ತದೆ. ಅದಕ್ಕೇ ಈ ಮಾತನ್ನು ಮತ್ತೆ ಮತ್ತೆ ಹೇಳಬೇಕು. ಸೋಂಕಿನಿಂದ ನಮ್ಮನ್ನು ಕಾಯುವ ಬಿಳಿ ರಕ್ತಕಣಗಳೇ ದಾರಿ ತಪ್ಪಿ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಕೊಲ್ಲುತ್ತವೆ. ಆಗಿರುವುದು ಇಷ್ಟೇ.

ಆ ಮಾತ್ರೆಯಲ್ಲಿರುವುದು ಸೋರಾಲೆನ್ ಗುಂಪಿನ ರಾಸಾಯನಿಕ. ನಮ್ಮ ಹಳೆಯ ವೈದ್ಯರು ತೊನ್ನಿಗೆ ಅರೆದು ಹಚ್ಚುತ್ತಿದ್ದ ಬಾವಂಚಿ ಬೀಜದಲ್ಲೂ ಇದೆ, ಈಜಿಪ್ಟಿನ ನೈಲ್ ನದಿ ಬಯಲಿನ ಒಂದು ಕಾಡುಗಿಡದಲ್ಲೂ ಇದೆ. ಆ ಗಿಡದಿಂದ ಬೇರ್ಪಡಿಸಿದ, ಇದೇ ಗುಂಪಿನ ಮೆಥಾಕ್ಸಲೆನ್ ಅನ್ನು 1940ರ ದಶಕದಲ್ಲಿ ಕೈರೋದ ವೈದ್ಯ ಅಬ್ದೆಲ್ ಮೊನೆಮ್ ಎಲ್ ಮೊಫ್ತಿ ರೋಗಿಗಳಿಗೆ ಕೊಟ್ಟು ನೋಡಿದರು. ಮಾತ್ರೆ ನುಂಗಿ ನೆರಳಲ್ಲಿ ಕೂತರೆ ಬಣ್ಣ ಬರುವುದಿಲ್ಲ. ಅದು ಜೀವಕೋಶದ ಡಿಎನ್‌ಎ ನಡುವೆ ಹೋಗಿ ಸೇರಿಕೊಂಡಿರುತ್ತದೆ. ಬಿಸಿಲಿನಲ್ಲಿರುವ 320ರಿಂದ 400 ನ್ಯಾನೊಮೀಟರಿನ ನೇರಳಾತೀತ ಕಿರಣ ಬಿದ್ದಾಗ ಮಾತ್ರ ಅಲ್ಲಿ ಗಟ್ಟಿಯಾಗಿ ಅಂಟುತ್ತದೆ. ಆಗ ದಾಳಿ ಮಾಡುವ ಬಿಳಿ ಕಣಗಳು ತಗ್ಗುತ್ತವೆ, ಬಣ್ಣದ ಕೋಶಗಳು ಚುರುಕಾಗುತ್ತವೆ.

ನನಗೆ ತುಂಬ ಹಿಡಿಸಿದ ಸಂಗತಿ ಅಂದರೆ ಬಣ್ಣ ಮರಳುವ ರೀತಿ. ಬಿಳಿ ಮಚ್ಚೆಯ ನಡುವೆ ಒಂದೊಂದು ಕೂದಲಿನ ಬುಡದಲ್ಲಿ ಸಣ್ಣ ಕಂದು ಚುಕ್ಕಿ ಏಳುತ್ತದೆ. ಚುಕ್ಕಿಗಳು ಹರಡಿ ಕೂಡಿಕೊಳ್ಳುತ್ತವೆ. ಬಣ್ಣದ ಕೋಶಗಳ ಬೀಜ ಉಳಿದಿರುವುದು ಕೂದಲಿನ ಬುಡದಲ್ಲೇ. ತುಟಿ, ಬೆರಳ ತುದಿಯಲ್ಲಿ ಕೂದಲಿಲ್ಲ, ಹಾಗಾಗಿ ಅಲ್ಲಿ ಔಷಧ ಅಷ್ಟಾಗಿ ಹಿಡಿಯುವುದಿಲ್ಲ. ಬಂದ ಬಣ್ಣ ನಿಲ್ಲುತ್ತದೆ ಅಂತಲೂ ಇಲ್ಲ. ಚಿಕಿತ್ಸೆ ಬಿಟ್ಟ ಮೇಲೆ ಎಷ್ಟೋ ಜನರಿಗೆ ಮಚ್ಚೆ ಮತ್ತೆ ಬರುತ್ತದೆ.

ತೊನ್ನೇ ಇಲ್ಲದ ಒಬ್ಬರೂ ಇದೇ ಮಾತ್ರೆ ನುಂಗಿದ್ದರು. ಅಮೆರಿಕದ ಬಿಳಿಯ ಪತ್ರಕರ್ತ ಜಾನ್ ಹೋವರ್ಡ್ ಗ್ರಿಫಿನ್, 1959ರಲ್ಲಿ. ಕಪ್ಪು ಜನರ ಬದುಕು ಹೇಗಿದೆ ಅಂತ ತಾವೇ ಅನುಭವಿಸಿ ಬರೆಯಲು ಮೆಥಾಕ್ಸಲೆನ್ ತೆಗೆದುಕೊಂಡು ದೀಪದ ಕೆಳಗೆ ಮಲಗಿದರು, ಮೇಲೆ ಬಣ್ಣವನ್ನೂ ಹಚ್ಚಿಕೊಂಡು ದಕ್ಷಿಣದ ರಾಜ್ಯಗಳನ್ನು ಸುತ್ತಿದರು. ಇದರಿಂದಲೇ ಚರ್ಮದ ಕ್ಯಾನ್ಸರ್ ಬಂದು ಸತ್ತರು ಎಂಬ ಸುದ್ದಿ ಸುಳ್ಳು. ಅವರು 1980ರಲ್ಲಿ ತೀರಿಕೊಂಡದ್ದು ಸಕ್ಕರೆ ಕಾಯಿಲೆಯ ತೊಡಕುಗಳಿಂದ. ಹಾಗಂತ ಭಯಕ್ಕೆ ಆಧಾರವೇ ಇಲ್ಲ ಅಂತಲ್ಲ. ವರ್ಷಗಟ್ಟಲೆ ಈ ಚಿಕಿತ್ಸೆ ನಡೆದರೆ, ಅದರಲ್ಲೂ ಬಿಳಿ ಚರ್ಮದವರಲ್ಲಿ, ಕ್ಯಾನ್ಸರ್ ಸಾಧ್ಯತೆ ಜಾಸ್ತಿಯಾಗುತ್ತದೆ.

ನಮ್ಮ ಕಡೆ ಹತ್ತಿರದ ಅಪಾಯ ಬೇರೆ. ಬಾವಂಚಿ ಪುಡಿ ತಂದು, ಯಾರನ್ನೂ ಕೇಳದೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಡಾಕ್ಟರು ಮೊದಲ ದಿನ ಕೆಲವೇ ನಿಮಿಷ ನಿಲ್ಲಿಸಿ, ನಿಧಾನವಾಗಿ ಹೆಚ್ಚಿಸುವುದು ಅದಕ್ಕೇ. ಮಾತ್ರೆ ನುಂಗಿದ ದಿನ ಕಣ್ಣಿಗೆ ನೇರಳಾತೀತ ಕಿರಣ ತಡೆಯುವ ಕನ್ನಡಕ ಬೇಕೇ ಬೇಕು.

ಮದುವೆಯಂಥ ಒಂದು ದಿನಕ್ಕೆ ಮಚ್ಚೆ ಮರೆಯಾದರೆ ಸಾಕು ಅನ್ನುವವರಿಗೆ ಡೈಹೈಡ್ರಾಕ್ಸಿ ಅಸಿಟೋನ್ ಎಂಬ ಸಕ್ಕರೆಯ ಲೇಪ ಇದೆ. ಜೋಳದ ರೊಟ್ಟಿ ಹೆಂಚಿನ ಮೇಲೆ ಕೆಂಪಗಾಗುವಾಗ ನಡೆಯುವಂಥದ್ದೇ ಕ್ರಿಯೆ, ಬಿಸಿ ಇಲ್ಲದೆ, ಚರ್ಮದ ಸತ್ತ ಮೇಲ್ಪದರದಲ್ಲಿ ನಡೆಯುತ್ತದೆ. ವಾರದೊಳಗೆ ಆ ಪದರ ಉದುರಿ ಬಣ್ಣ ಹೋಗುತ್ತದೆ.

ಈಗ ತೊನ್ನಿಗೆ ಹೆಚ್ಚಾಗಿ ಬಳಸುವುದು 311 ನ್ಯಾನೊಮೀಟರಿನ ನೇರಳಾತೀತ ಕಿರಣ ಬೀರುವ ದೀಪ. ಮಾತ್ರೆಯೇ ಬೇಡ, ಬಸುರಿಯರಿಗೂ ಕೊಡಬಹುದು. ಆದರೆ ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ಹೋಗಬೇಕು. ಸಿರುಗುಪ್ಪದ ಕಡೆಯ ಹಳ್ಳಿಯಿಂದ ಬಳ್ಳಾರಿಗೆ ಅಷ್ಟು ಸಲ ಬಂದರೆ ಬಸ್ ಚಾರ್ಜು ಒಂದು ಕಡೆ, ಆ ದಿನಗಳ ಕೂಲಿಯೂ ಹೋಯಿತು, ಅಲ್ವಾ? ತಾಲೂಕು ಆಸ್ಪತ್ರೆಗಳಲ್ಲೇ ಈ ದೀಪ ಇರಬೇಕು.