ಮಾವಿನ ಬುಡದಲ್ಲಿ ಕೋಳಿ: ಯಾವ ತಿಂಗಳು ಒಳಗೆ, ಯಾವ ತಿಂಗಳು ಹೊರಗೆ

ಹಿತ್ತಲಲ್ಲಿ ಹಣ್ಣಿನ ಗಿಡವೂ ಇರಲಿ, ಕೋಳಿಯೂ ಇರಲಿ ಎಂದು ಈಗ ತಾನೇ ಕಲಿಯಲು ಹೊರಟವರಿಗೆ ಈ ಟಿಪ್ಪಣಿ. ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಮನೆ ಹಿಂದೆ ನಾಲ್ಕು ಗುಂಟೆ ಕೆಮ್ಮಣ್ಣಿನ ಜಾಗ. ಎರಡು ಹಳೆ ಮಾವು, ನಾಲ್ಕು ಸೀಬೆ, ಒಂದು ನಿಂಬೆ, ಬೇಲಿ ಪಕ್ಕ ಹಿಪ್ಪುನೇರಳೆ, ಜೊತೆಗೆ ಹತ್ತು ಕೋಳಿ. ಐದು ವರ್ಷದಿಂದ ಇವೆಲ್ಲ ಒಟ್ಟಿಗೇ ಇವೆ.

ಎಲ್ಲರೂ ಮೊದಲು ಕೇಳುವುದು "ಎಷ್ಟು ಕೋಳಿ ಸಾಕಬಹುದು, ಯಾವ ಗಿಡ ಹಾಕಬಹುದು" ಅಂತ. ನಾನೂ ಅದನ್ನೇ ಕೇಳಿದ್ದೆ. ಆದರೆ ಲಾಭ ನಷ್ಟ ಎರಡನ್ನೂ ನಿರ್ಧರಿಸುವುದು ತಿಂಗಳು. ಜೂನ್‌ನಲ್ಲಿ ಮಾವಿನ ಮರಕ್ಕೆ ಉಪಕಾರ ಮಾಡುವ ಅದೇ ಕೋಳಿ ನವೆಂಬರ್‌ನಲ್ಲಿ ಅದೇ ಮರಕ್ಕೆ ತೊಂದರೆ ಮಾಡುತ್ತದೆ. ಇದೊಂದು ತಲೆಯಲ್ಲಿ ಕೂತರೆ ಉಳಿದದ್ದು ಸುಲಭ.

ಹೂವು ಬಾರದ ಮರ

ನಮ್ಮ ಎರಡು ಮಾವಿನ ಮರವೂ ತೋತಾಪುರಿ. ಒಂದೇ ವರ್ಷ ನೆಟ್ಟವು. ಕೋಳಿ ಸಾಕಲು ಶುರು ಮಾಡಿದ ಮೂರನೇ ವರ್ಷ ಗೂಡನ್ನು ಒಂದು ಮರದ ಕೆಳಗೆ ತಂದಿಟ್ಟೆ. ನೆರಳು ಚೆನ್ನಾಗಿತ್ತು, ಮನೆಗೂ ಹತ್ತಿರ. ಗೌರಿ ಹಬ್ಬ ಕಳೆಯಿತು, ದೀಪಾವಳಿ ಕಳೆಯಿತು, ಗೂಡು ಅಲ್ಲೇ ಇತ್ತು. ಸಂಕ್ರಾಂತಿ ಹೊತ್ತಿಗೆ ಆಚೆ ಮರ ತುಂಬಾ ಹೂವು. ಗೂಡಿದ್ದ ಮರದಲ್ಲಿ ಬರೀ ಕೆಂಪು ಚಿಗುರು. ಆ ವರ್ಷ ಅದರಿಂದ ಒಂದು ಬುಟ್ಟಿ ಕಾಯಿಯೂ ಇಳಿಯಲಿಲ್ಲ. ಬಹಳ ಬೇಜಾರಾಯಿತು.

ಕಾರಣ ಇದು. ಮಾವು ಹೂ ಬಿಡಬೇಕಾದರೆ ಮಳೆ ನಿಂತ ಮೇಲೆ ಎರಡು ತಿಂಗಳಾದರೂ ಬುಡ ಒಣಗಬೇಕು, ರಾತ್ರಿ ಚಳಿ ಬೀಳಬೇಕು, ಮರ ಬೆಳೆಯುವುದನ್ನು ನಿಲ್ಲಿಸಿ ಸುಮ್ನೆ ಇರಬೇಕು. ಆ ಹೊತ್ತಿನಲ್ಲಿ ಬುಡಕ್ಕೆ ಸಾರಜನಕ ಮತ್ತು ನೀರು ಸಿಕ್ಕರೆ ಮರ ಹೂವಿನ ಬದಲು ಎಲೆ ಬಿಡುತ್ತದೆ. ಕೋಳಿ ಗೂಡು ಎರಡನ್ನೂ ಕೊಡುತ್ತಿತ್ತು. ಹಿಕ್ಕೆಯಿಂದ ಸಾರಜನಕ. ದಿನಾ ನೀರಿನ ತಟ್ಟೆ ತೊಳೆದು ಚೆಲ್ಲುತ್ತಿದ್ದದ್ದೂ ಅಲ್ಲಿಗೇ.

ಈಗ ನಾನು ಪಾಲಿಸುವ ಲೆಕ್ಕ ಹೀಗೆ. ಕೊಯ್ಲು ಮುಗಿದ ತಕ್ಷಣ, ಅಂದರೆ ಜೂನ್ ಕೊನೆ ಅಥವಾ ಜುಲೈ, ಕೋಳಿಗಳನ್ನು ಮಾವಿನ ಕೆಳಗೆ ಬಿಡುತ್ತೇನೆ. ಗೊಬ್ಬರ ಕೊಡುವುದೂ ಆಗಲೇ. ಗೌರಿ ಹಬ್ಬಕ್ಕೆ ಮುಂಚೆ ಅವನ್ನು ಅಲ್ಲಿಂದ ಎಬ್ಬಿಸಿ ಸೀಬೆ ಕಡೆ ಕಳಿಸುತ್ತೇನೆ. ಆಮೇಲೆ ಕಾಯಿ ನಿಂಬೆ ಗಾತ್ರ ಆಗುವವರೆಗೆ ಮಾವಿನ ಬುಡಕ್ಕೆ ಕೋಳಿ ಇಲ್ಲ, ಗೊಬ್ಬರ ಇಲ್ಲ, ಪಾತಿ ನೀರೂ ಇಲ್ಲ. ಹಾಗೆ ಮಾಡಿದ ಮೇಲೆ ಆ ಮರ ಮತ್ತೆ ಹೂ ಬಿಟ್ಟಿದೆ.

ಹತ್ತು ಕೋಳಿಯ ಗೊಬ್ಬರ ಎಷ್ಟು ಮರಕ್ಕೆ?

ಇದನ್ನು ಒಮ್ಮೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ನೋಡಿ. ಮೊಟ್ಟೆ ಇಡುವ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಹಾಕುವ ಹಸಿ ಹಿಕ್ಕೆಯೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಹತ್ತು ಕೋಳಿಗೆ ದಿನಕ್ಕೆ 1 ಕೆಜಿ ಅಂತ ಇಟ್ಟುಕೊಂಡರೆ ವರ್ಷಕ್ಕೆ 365 ಕೆಜಿ. ಅದರಲ್ಲಿ ಮುಕ್ಕಾಲು ಪಾಲು ನೀರು. ಒಣಗಿದ ಮೇಲೆ ಉಳಿಯುವುದು 90 ಕೆಜಿ ಆಸುಪಾಸು.

ಕೋಳಿ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 3, ರಂಜಕ ಶೇ. 2.6, ಪೊಟ್ಯಾಷ್ ಶೇ. 1.4 ಇರುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಬರೀ ಶೇ. 0.5. ಹಾಗಾದರೆ ನಮ್ಮ 90 ಕೆಜಿಯಲ್ಲಿ ಸಾರಜನಕ 2.7 ಕೆಜಿ. ಅರ್ಧ ಅಮೋನಿಯಾ ಆಗಿ ಗಾಳಿಗೆ ಹೋಯಿತು ಅನ್ನಿ. ಗೂಡಿನ ಹತ್ತಿರ ಮೂಗಿಗೆ ಹೊಡೆಯುವ ವಾಸನೆ ಅದೇ. ಉಳಿದದ್ದು 1.35 ಕೆಜಿ. ಹತ್ತು ವರ್ಷ ದಾಟಿದ ಮಾವಿನ ಮರಕ್ಕೆ ವರ್ಷಕ್ಕೆ ಹೇಳುವ ಪ್ರಮಾಣ 730 ಗ್ರಾಂ ಸಾರಜನಕ, 180 ಗ್ರಾಂ ರಂಜಕ, 680 ಗ್ರಾಂ ಪೊಟ್ಯಾಷ್. ಅಂದರೆ ಹತ್ತು ಕೋಳಿ ಎರಡು ದೊಡ್ಡ ಮಾವಿನ ಮರಕ್ಕೆ ಹೆಚ್ಚುಕಡಿಮೆ ಸಾಕು.

ಇಲ್ಲಿ ನಿಲ್ಲಬೇಡಿ, ರಂಜಕವನ್ನೂ ನೋಡಿ. 90 ಕೆಜಿಯಲ್ಲಿ ಅದು 2.3 ಕೆಜಿ ಇದೆ. ಎರಡು ಮರಕ್ಕೆ ಬೇಕಾದದ್ದು 360 ಗ್ರಾಂ ಮಾತ್ರ. ಆರು ಪಟ್ಟು ಜಾಸ್ತಿ! ರಂಜಕ ಗಾಳಿಗೆ ಹಾರುವುದಿಲ್ಲ, ಮಣ್ಣಲ್ಲೇ ಕೂರುತ್ತದೆ. ವರ್ಷ ವರ್ಷ ಸೇರುತ್ತಾ ಹೋದರೆ ಗಿಡಕ್ಕೆ ಸತು ಮತ್ತು ಕಬ್ಬಿಣ ಸಿಗುವುದು ಕಷ್ಟವಾಗುತ್ತದೆ. ನಿಂಬೆ ಎಲೆಯಲ್ಲಿ ನರ ಹಸಿರಾಗಿ ಮಧ್ಯದ ಜಾಗ ಹಳದಿಯಾದರೆ ನನಗೆ ಮೊದಲು ಬರುವ ಅನುಮಾನ ಇದೇ. ಆದ್ದರಿಂದ ಗೂಡಿನ ಗೊಬ್ಬರವೆಲ್ಲ ಹತ್ತಿರದ ಒಂದೇ ಗಿಡಕ್ಕೆ ಬೀಳದಂತೆ ನೋಡಿಕೊಳ್ಳಿ. ನಾನು ಮೂರರಲ್ಲಿ ಎರಡು ಪಾಲು ಬೇರೆ ಬೇರೆ ಮರಕ್ಕೆ ಹಂಚಿ, ಉಳಿದದ್ದನ್ನು ಬಾಳೆಗೆ ಮತ್ತು ತರಕಾರಿ ಪಾತಿಗೆ ಹಾಕುತ್ತೇನೆ. ಬಾಳೆ ಎಷ್ಟು ಕೊಟ್ಟರೂ ಬೇಡ ಅನ್ನುವುದಿಲ್ಲ.

ನಮ್ಮ ಕಡೆ ಇನ್ನೊಂದು ತಾಪತ್ರಯ ಬೋರ್‌ವೆಲ್ ನೀರು. ಬಹಳ ಕಡೆ ಗಡಸು ನೀರು. ಕೋಳಿ ಗೊಬ್ಬರದಲ್ಲೂ ಉಪ್ಪಿನಂಶ ಇದೆ. ಎರಡೂ ಸೇರಿ ಎಳೆ ಗಿಡದ ಎಲೆಯ ಅಂಚು ಸುಟ್ಟ ಹಾಗೆ ಆಗುತ್ತದೆ. ಹಸಿ ಹಿಕ್ಕೆಯನ್ನು ನೇರವಾಗಿ ಬುಡಕ್ಕೆ ಹಾಕಬಾರದು ಅನ್ನುವುದು ಇದಕ್ಕೇ.

ಹಿಕ್ಕೆಯನ್ನು ಒಣ ಎಲೆ, ಕಡಲೆಕಾಯಿ ಸಿಪ್ಪೆ, ಮರದ ಹೊಟ್ಟು ಇಂಥದ್ದರ ಜೊತೆ ಸೇರಿಸಿ ಕೊಳೆಸಿ. ತುಮಕೂರು, ತಿಪಟೂರು ಕಡೆಯವರಿಗೆ ತೆಂಗಿನ ನಾರಿನ ಪುಡಿ ಸುಲಭವಾಗಿ ಸಿಗುತ್ತದೆ, ಅದು ಇನ್ನೂ ಒಳ್ಳೆಯದು. ಒಂದು ಬುಟ್ಟಿ ಹಿಕ್ಕೆಗೆ ಎರಡು ಮೂರು ಬುಟ್ಟಿ ಒಣ ಸಾಮಾನು ಹಿಡಿಸುತ್ತದೆ. ವಾಸನೆ ಬಂತು ಅಂದರೆ ಒಣದ್ದು ಕಡಿಮೆಯಾಗಿದೆ. ಮೂರು ನಾಲ್ಕು ತಿಂಗಳಲ್ಲಿ ಕಪ್ಪಗೆ, ಮಣ್ಣಿನ ವಾಸನೆಗೆ ತಿರುಗುತ್ತದೆ. ಕಡಲೆಕಾಯಿ ಸಿಪ್ಪೆ ಬೂಷ್ಟು ಹಿಡಿದಿದ್ದರೆ ಗೂಡಿನ ನೆಲಕ್ಕೆ ಹಾಸಬೇಡಿ. ಬೂಷ್ಟಿನ ವಿಷ ಕೋಳಿಯ ಈಲಿಗೆ ಪೆಟ್ಟು.

ಗೊಬ್ಬರ ಹಾಕುವ ಜಾಗವನ್ನೂ ಗುರುತಿಟ್ಟುಕೊಳ್ಳಿ. ಕಾಂಡಕ್ಕೆ ಒತ್ತಿ ಹಾಕಬಾರದು. ನಡುಮಧ್ಯಾಹ್ನ ಕೊಂಬೆಯ ತುದಿಯ ನೆರಳು ಎಲ್ಲಿ ಬೀಳುತ್ತದೋ ಅದರ ಒಳಸುತ್ತಿನಲ್ಲಿ ಹರಡಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ.

ಹಣ್ಣು ನೊಣ, ಕೋಳಿಯ ಕಾಲು

ಕೋಳಿಯಿಂದ ಮರಕ್ಕೆ ಸಿಗುವ ಉಪಕಾರದಲ್ಲಿ ಗೊಬ್ಬರಕ್ಕಿಂತ ಇದೇ ದೊಡ್ಡದು ಅಂತ ನನಗೆ ಅನಿಸುತ್ತದೆ. ಮಾವು, ಸೀಬೆ ಹಣ್ಣನ್ನು ಕೊಯ್ದರೆ ಒಳಗೆ ಬಿಳಿ ಹುಳು ಇರುತ್ತದಲ್ವಾ, ಅದು ಹಣ್ಣು ನೊಣದ ಮರಿ. ನೊಣ ಬಲಿತ ಕಾಯಿಯ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಹಣ್ಣು ಕೆಳಗೆ ಬೀಳುತ್ತದೆ. ಹುಳು ಹಣ್ಣಿನಿಂದ ಹೊರಬಂದು ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಇಳಿದು ಕೋಶವಾಗುತ್ತದೆ. ಒಂದೆರಡು ವಾರದಲ್ಲಿ ಹೊಸ ನೊಣ ಹಾರುತ್ತದೆ.

ಕೋಳಿ ಕೆದಕುವುದೂ ಸರಿಯಾಗಿ ಆ ಆಳಕ್ಕೇ. ಬಿದ್ದ ಹಣ್ಣಿನ ಹುಳು, ಮಣ್ಣಿನ ಕೋಶ ಎರಡನ್ನೂ ಹೆಕ್ಕುತ್ತದೆ. ಅದಕ್ಕೇ ಮೇ, ಜೂನ್‌ನಲ್ಲಿ ಹಣ್ಣು ಉದುರುವಾಗ ಸಂಜೆ ಹೊತ್ತು ಎರಡು ಗಂಟೆ ಕಾಲ ಅವನ್ನು ಮರದ ಕೆಳಗೆ ಬಿಡುತ್ತೇನೆ. ಮನೆಗೆ ಬೇಕಾದ ಬಿದ್ದ ಹಣ್ಣನ್ನು ಅದಕ್ಕೆ ಮುಂಚೆಯೇ ಆರಿಸಿಕೊಳ್ಳಬೇಕು. ಹಿಕ್ಕೆ ತಾಗಿದ ಹಣ್ಣನ್ನು ಮಕ್ಕಳ ಕೈಗೆ ಕೊಡಬೇಡಿ.

ಆದರೆ ಕೋಳಿಯೊಂದೇ ಸಾಕು ಅಂದುಕೊಳ್ಳಬೇಡಿ. ಪಕ್ಕದ ತೋಟದಿಂದ ನೊಣ ಬರುತ್ತಲೇ ಇರುತ್ತದೆ. ಮೀಥೈಲ್ ಯೂಜಿನಾಲ್ ಬಲೆ ಕಟ್ಟಲೇಬೇಕು. ಅದು ಗಂಡು ನೊಣವನ್ನು ಮಾತ್ರ ಸೆಳೆಯುತ್ತದೆ. ಕಾಂಡ ಕೊರೆಯುವ ಹುಳು, ಹೂವಿನ ಜಿಗಿಹುಳು ಇವೆಲ್ಲ ಕೋಳಿಯ ಕೊಕ್ಕಿಗೆ ಎಟುಕುವುದಿಲ್ಲ. ಜಿಗಿಹುಳುವಿಗೆ ಔಷಧಿ ಹೊಡೆಯುವ ಕಾಲಕ್ಕೆ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಹೊಡೆಯುವ ಕಾಲಕ್ಕೆ, ಕೋಳಿ ಅಲ್ಲಿರಬಾರದು. ಔಷಧಿ ತಿಂದ ಹುಳುವನ್ನು ಕೋಳಿ ತಿಂದರೆ ಅದು ನಾವು ತಿನ್ನುವ ಮೊಟ್ಟೆಗೂ ಬರಬಹುದು. ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಯಿರಿ.

ಎಳೆ ಗಿಡ ಕಾಯುವುದು

ಒಂದು ಸೀಬೆ ಸಸಿ ನೆಟ್ಟ ನಾಲ್ಕನೇ ದಿನಕ್ಕೇ ಬುಡ ಕೆದಕಿ ಬೇರು ಹೊರಗೆ ಹಾಕಿದ್ದವು. ಪಕ್ಕದ ಮನೆ ಅಜ್ಜಿ ನೋಡಿ, "ಕೋಳಿ ಹೊಸ ಮಣ್ಣು ಬಿಡುತ್ತದೇನಪ್ಪ? ಕಲ್ಲು ಜೋಡಿಸು" ಅಂದರು. ಕೋಲಾರದಲ್ಲಿ ಕಲ್ಲಿಗೆ ಬರವಿಲ್ಲ. ಬುಡದ ಸುತ್ತ ಎರಡು ಅಡಿ ಅಗಲಕ್ಕೆ ಮುಷ್ಟಿಗಿಂತ ದೊಡ್ಡ ಕಲ್ಲು ಹಾಸಿದೆ. ಅದಾದ ಮೇಲೆ ಒಂದು ಸಸಿಯೂ ಹೋಗಿಲ್ಲ. ಕಲ್ಲಿನ ಕೆಳಗೆ ತೇವವೂ ನಿಲ್ಲುತ್ತದೆ. ಕಲ್ಲು ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಮೊದಲ ಎರಡು ವರ್ಷ ಇದು ಬೇಕೇ ಬೇಕು. ಆಮೇಲೆ ಮರಕ್ಕೆ ಶಕ್ತಿ ಬರುತ್ತದೆ. ಪರಂಗಿ ಗಿಡಕ್ಕೆ ಮಾತ್ರ ಎಂದೆಂದಿಗೂ ಬೇಲಿ ಬೇಕು, ಅದರ ಬೇರು ಮೇಲ್ಮೇಲೇ ಇರುತ್ತದೆ.

ಜಾಗ ಬದಲಿಸಲು ಬೇಲಿಗೆ ಜಾಸ್ತಿ ಖರ್ಚು ಬೇಡ. ನಾಲ್ಕು ಬಿದಿರು ಗಳ, ಹಳೆ ಸೀರೆ ಅಥವಾ ಹಸಿರು ನೆಟ್ ಸಾಕು. ಗಿರಿರಾಜದಂಥ ಭಾರದ ಕೋಳಿ ಹಾರುವುದು ಕಡಿಮೆ, ಅದಕ್ಕೆ ನಾಲ್ಕಡಿ ಬೇಲಿ ನಡೆಯುತ್ತದೆ. ಹೆಬ್ಬಾಳದಲ್ಲಿ ತಯಾರಾದ ತಳಿ ಅದು, ಹಿತ್ತಲಿಗೆಂದೇ ಮಾಡಿದ್ದು. ನಾಟಿ ಕೋಳಿ ಹಾಗಲ್ಲ. ಸಂಜೆಯಾದರೆ ಮಾವಿನ ಕೊಂಬೆಗೇ ಹಾರಿ ಕೂರುತ್ತದೆ. ಒಂದೇ ಕಡೆ ಹೆಚ್ಚು ಹಿಕ್ಕೆ ಬೀಳುವುದು ರಾತ್ರಿ ಕೂರುವ ಜಾಗದಲ್ಲಿ. ನಾಟಿ ಸಾಕುವವರು ಕತ್ತಲಾಗುವ ಮುಂಚೆ ಕಾಳು ತೋರಿಸಿ ಗೂಡಿಗೆ ಕರೆಯುವ ಅಭ್ಯಾಸ ಮಾಡಿಸಿ. ಮುಂಗುಸಿ, ಕಾಡುಬೆಕ್ಕಿನ ಕಾಟಕ್ಕೂ ಅದೇ ಪರಿಹಾರ.

ಬೆರ್ರಿ ಅಂದರೆ ನಮ್ಮಲ್ಲಿ ಯಾವುದು?

ಬ್ಲೂಬೆರ್ರಿ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಅದಕ್ಕೆ ಮಣ್ಣಿನ ಪಿಎಚ್ 4.5ರಿಂದ 5.5 ಇರಬೇಕು, ಅಂದರೆ ಚೆನ್ನಾಗಿ ಹುಳಿ ಮಣ್ಣು. ನಮ್ಮ ಗಡಸು ನೀರು ಹಾಕುತ್ತಾ ಹೋದರೆ ಅದು ಆಗದ ಮಾತು. ನಮ್ಮ ನೆಲದ ಸಣ್ಣ ಹಣ್ಣುಗಳು ಬೇಕಾದಷ್ಟಿವೆ, ಅವನ್ನು ಮೊದಲು ಹಾಕೋಣ.

ಮೊದಲನೆಯದು ಹಿಪ್ಪುನೇರಳೆ. ಶಿಡ್ಲಘಟ್ಟದ ಸುತ್ತ ರೇಷ್ಮೆಗಾಗಿ ಬೆಳೆಯುವ ಅದೇ ಗಿಡ. ಮೂರು ನಾಲ್ಕು ಕಣ್ಣಿರುವ ಕಡ್ಡಿಯನ್ನು ಮಳೆಗಾಲದಲ್ಲಿ ಚುಚ್ಚಿದರೆ ಬರುತ್ತದೆ. ಸೊಪ್ಪಿಗೆಂದು ಪೊದೆಯಾಗಿ ಕಡಿಯದೆ ಮರವಾಗಿ ಬಿಡಿ. ಹಣ್ಣು ಉದುರುವ ಕಾಲದಲ್ಲಿ ಕೋಳಿಗಳು ಅದರ ಕೆಳಗಿಂದ ಕದಲುವುದಿಲ್ಲ. ಎಲೆಯಲ್ಲೂ ಒಳ್ಳೆಯ ಪ್ರೋಟೀನ್ ಇದೆ. ಬಟ್ಟೆ ಒಣಹಾಕುವ ಹಗ್ಗದಿಂದ ದೂರ ನೆಡಿ, ಹಣ್ಣಿನ ಕಲೆ, ಹಿಕ್ಕೆಯ ಕಲೆ ಎರಡೂ ಹೋಗುವುದಿಲ್ಲ. ಪಕ್ಕದವರು ಹುಳು ಸಾಕುತ್ತಿದ್ದರೆ ನಿಮ್ಮ ಹಿತ್ತಲಲ್ಲಿ ಔಷಧಿ ಹೊಡೆಯುವ ಮುಂಚೆ ಅವರಿಗೊಂದು ಮಾತು ಹೇಳಿ. ಗಾಳಿಯಲ್ಲಿ ಹೋದ ಒಂದಿಷ್ಟು ಔಷಧಿಗೇ ರೇಷ್ಮೆ ಹುಳು ಸಾಯುತ್ತದೆ.

ಎರಡನೆಯದು ಕವಳೆ. ಮುಳ್ಳಿನ ಗಿಡ, ನೀರಿಲ್ಲದೆ ಬದುಕುತ್ತದೆ, ಕಾಯಿ ಉಪ್ಪಿನಕಾಯಿಗೆ ಬಹಳ ರುಚಿ. ಮೂರಡಿಗೆ ಒಂದರಂತೆ ಬೇಲಿಗೆ ಹಾಕಿದರೆ ನಾಯಿ ನುಗ್ಗುವುದು ತಪ್ಪುತ್ತದೆ. ಮೇಲೆ ಹದ್ದು ಸುತ್ತಿದಾಗ ಮರಿಗಳು ಓಡಿ ಸೇರುವುದೂ ಅದರ ಅಡಿಗೇ. ಅಲ್ಲೇ ಕದ್ದು ಮೊಟ್ಟೆ ಇಡುವ ಕೋಳಿಗಳೂ ಇವೆ, ವಾರಕ್ಕೊಮ್ಮೆ ಬಗ್ಗಿ ನೋಡಿ. ಎಲಚಿ ಹಣ್ಣಿನ ಗಿಡವೂ ಚಳಿಗಾಲಕ್ಕೆ ಒಳ್ಳೆಯದು.

ಸ್ಟ್ರಾಬೆರ್ರಿ ಮಾಡುವ ಆಸೆಯಿದ್ದರೆ ಮಾಡಿ, ಆದರೆ ಪೂರ್ತಿ ನೆಟ್ ಕಟ್ಟಿ. ಕೋಳಿ ಅದರ ಹಣ್ಣನ್ನೂ ಗಿಡವನ್ನೂ ಬಿಡುವುದಿಲ್ಲ. ಹಣ್ಣು ಮಣ್ಣಿಗೆ ತಾಗಿ ಬೆಳೆಯುತ್ತದೆ, ನಾವು ಹಸಿಯಾಗಿ ತಿನ್ನುತ್ತೇವೆ. ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರ ಹಾಕಿದ ದಿನದಿಂದ ಕೊಯ್ಲಿಗೆ 120 ದಿನ, ಮೇಲೆ ಬಿಡುವ ಹಣ್ಣಿಗೆ 90 ದಿನ ಅಂತರ ಇರಬೇಕು ಅನ್ನುವುದು ಅಮೆರಿಕದ ಸಾವಯವ ಕೃಷಿಯ ನಿಯಮ. ಗೊಬ್ಬರ ಹಾಕುವಾಗ ನಾನು ಅದನ್ನೇ ಇಲ್ಲೂ ಪಾಲಿಸುತ್ತೇನೆ.

ಎರಡು ಎಚ್ಚರಿಕೆ. ಈಗ ಎಲ್ಲರೂ ಬೆಣ್ಣೆಹಣ್ಣು ನೆಡುತ್ತಿದ್ದಾರೆ. ಅದರ ಎಲೆ, ತೊಗಟೆ, ಬೀಜದಲ್ಲಿರುವ ಪರ್ಸಿನ್ ಎಂಬ ವಸ್ತು ಹಕ್ಕಿಗಳಿಗೆ ವಿಷ. ಆ ಮರವನ್ನು ಕೋಳಿ ಓಡಾಡುವ ಜಾಗದಿಂದ ಹೊರಗಿಡಿ, ಹಣ್ಣಿನ ಸಿಪ್ಪೆಯನ್ನೂ ಹಾಕಬೇಡಿ. ಬದುವಿನ ಹರಳು ಗಿಡದ ಬೀಜವೂ ಅಪಾಯ. ಇನ್ನು, ಯಾವ ಹಣ್ಣೇ ಆಗಲಿ ಮೇವಿನ ಹತ್ತರಲ್ಲಿ ಒಂದು ಪಾಲು ದಾಟಬಾರದು. ಮೊಟ್ಟೆ ಕೋಳಿಗೆ ಮೇವಿನಲ್ಲಿ ಶೇ. 16ರಷ್ಟು ಪ್ರೋಟೀನ್ ಬೇಕು, ಹಣ್ಣಿನಲ್ಲಿ ಅದು ಇಲ್ಲ. ಹಣ್ಣಿನ ಕಾಲದಲ್ಲಿ ಮೊಟ್ಟೆ ಕಡಿಮೆಯಾದರೆ ಕಾಳು ಮತ್ತು ಹಿಂಡಿ ಕಡೆ ಗಮನ ಕೊಡಿ.

ಹಣ್ಣಿರುವ ಮರಕ್ಕೆ ಕಾಗೆ, ಗೊರವಂಕ ಬರುತ್ತವೆ. ಅವು ರೋಗವನ್ನೂ ತರಬಹುದು. ನೀರು, ಮೇವು ಎರಡನ್ನೂ ಸೂರಿನ ಕೆಳಗೇ ಇಡಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಬೇಡಿ. ಮರಿಗೆ 5ರಿಂದ 7ನೇ ದಿನ ಕಣ್ಣಿಗೆ ಹನಿ, 8ನೇ ವಾರದ ಹೊತ್ತಿಗೆ ಚುಚ್ಚುಮದ್ದು. ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ನಮ್ಮ ಮನೆಯ ಕ್ಯಾಲೆಂಡರ್‌ನಲ್ಲಿ ಅದೇ ಪುಟದಲ್ಲಿ ಕೋಳಿ ಯಾವ ಮರದ ಕೆಳಗಿದೆ ಅಂತಲೂ ಇದೆ. ಈ ತಿಂಗಳ ಪುಟದಲ್ಲಿ "ಸೀಬೆ" ಎಂದಿದೆ. ಎರಡೂ ಮಾವಿನ ಬುಡ ಒಣಗಿ ಬಿರುಕು ಬಿಟ್ಟಿದೆ, ಕೊಂಬೆ ತುದಿಯಲ್ಲಿ ಮೊಗ್ಗು ಉಬ್ಬುತ್ತಿದೆ.